ಹೊಸ್ತಿಲಲ್ಲಿ ನಿಂತು ಕೇಳಿದ ಸಿಟ್ಟು

ಆ ಗುರುವಾರ ನಾನು ಮಾಡಿದ ಕೆಲಸಗಳು ಇವು: ನಳದ ನೀರು ನಾಲ್ಕನೇ ದಿನಕ್ಕೆ ಬಂತು, ಎರಡು ಡ್ರಮ್ಮು, ಏಳು ಕೊಡ ತುಂಬಿಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಗಂಡನ ಬುತ್ತಿ ಕಟ್ಟಿದೆ. ಬಚ್ಚಲ ಕಲ್ಲಿಗೆ ಅಂಟಿದ್ದ ಕರಿ ಉಗುರುಬಣ್ಣವನ್ನು ಚಮಚದಿಂದ ಕೆರೆದು ತೆಗೆದೆ. ಟ್ರಂಕಿನೊಳಗಿನ ಇಲಾಖೆಯ ಸೀರೆ ತೆಗೆದು ಉಟ್ಟೆ. ಅಂಗನವಾಡಿಯಲ್ಲಿ ಹತ್ತೊಂಬತ್ತು ಮಕ್ಕಳ ತೂಕ ಮಾಡಿ ಪುಸ್ತಕದಲ್ಲಿ ಬರೆದೆ. ನಾಲ್ಕಕ್ಕೆ ಕೀಲಿ ಹಾಕಿ, ನಮ್ಮ ಓಣಿಯ ಇಪ್ಪತ್ತೊಂದು ಮನೆಗೆ ಹೋಗಿ, ಮಗಳ ಕಾಲೇಜಿನ ಫಾರಂ ತುಂಬಿಸಿದೆ. ಏಳು ಗಂಟೆಗೆ ಮನೆಗೆ ಬಂದು, ಆ ಫಾರಂಗಳಿಗಾಗಿ ಮಗಳ ಕೈಲಿ ಬೈಸಿಕೊಂಡೆ. ಬೈಸಿಕೊಳ್ಳುವುದು ಒಂದು ಕೆಲಸವೇ ಎಂದರೆ, ಅವತ್ತು ಅದೇ ಎಲ್ಲಕ್ಕಿಂತ ಹೊತ್ತು ತಿಂದ ಕೆಲಸ.

ಮಗಳು ಹುಮನಾಬಾದಿನಲ್ಲಿ ಬಿ.ಎ. ಕೊನೆಯ ವರ್ಷ. ಪತ್ರಿಕೋದ್ಯಮ ಒಂದು ವಿಷಯ. ಬಸವಕಲ್ಯಾಣದಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ಕೊನೆಯ ವರ್ಷದವರು ನಾಲ್ಕು ನಾಲ್ಕು ಜನ ಸೇರಿ ಒಂದು ಹಾಡಿನ ವಿಡಿಯೋ ಮಾಡಬೇಕು. ಇವರ ಗುಂಪು ಪಂಕ್ ರಾಕ್ ಎಂಬ ಜಾತಿಯ ಹಾಡನ್ನು ಆರಿಸಿಕೊಂಡಿತು. ಅದೇನೆಂದು ನನಗೆ ಗೊತ್ತಾದದ್ದು ಒಂದು ಭಾನುವಾರ. ಅವಳು ಅಪ್ಪನ ಗಡ್ಡ ತೆಗೆಯುವ ಮಷಿನ್ನಿನಿಂದ ತಲೆಯ ಎಡಗಡೆಯನ್ನು ಪೂರ್ತಿ ಬೋಳಿಸಿಕೊಂಡು ಅಡುಗೆಮನೆಗೆ ಬಂದು ನಿಂತಾಗ. ಮೈಮೇಲೆ ಸಂತೆಯ ಹಳೇ ಬಟ್ಟೆಯ ರಾಶಿಯಿಂದ ತಂದ ಒಂದು ಕೋಟು. ತೋಳು ಹರಿದು, ಹರಿದಲ್ಲಿ ಸಾಲಾಗಿ ಪಿನ್ನು ಚುಚ್ಚಿದ್ದಳು.

"ಇದೇನವ್ವ ಅವತಾರ?"

"ಸಂಶೋಧನೆ."

"ಸಂಶೋಧನೆ ತಲಿ ಒಳಗ ಮಾಡ್ತಾರ. ನೀ ತಲಿ ಮ್ಯಾಲ ಮಾಡಿದಿಯಲ್ಲ."

ಅವಳು ನಗಲಿಲ್ಲ. ನನ್ನ ಗಂಡ ಹಳ್ಳಿಖೇಡದ ಕಡೆ ಕಬ್ಬಿನ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಎಂಥ ಕೆಟ್ಟ ಎಂಜಿನ್ ನೋಡಿದರೂ ಗಾಬರಿಯಾಗುವವನಲ್ಲ. ಮಗಳನ್ನು ಒಮ್ಮೆ ನೋಡಿ, "ನನ್ನ ಮಷಿನ್ ತೊಳದಿಡು" ಎಂದಷ್ಟೇ ಹೇಳಿದ. ಆಮೇಲೆ ಅವಳೊಂದಿಗೆ ಮಾತು ಬಿಟ್ಟ.

ಮಾತಾಡದೆ ಇರುವುದು ನನ್ನಿಂದಾಗುವುದಿಲ್ಲ. ರೊಟ್ಟಿ ಬಡಿಯುತ್ತಾ ಕೇಳಿದೆ, ಅವಳೂ ಒಲೆಯ ಪಕ್ಕ ಕೂತು ಹೇಳಿದಳು. ಬೇರೆ ಯಾವುದೋ ದೇಶದಲ್ಲಿ, ಕೆಲಸವಿಲ್ಲದ ಹುಡುಗ ಹುಡುಗಿಯರು ಶುರು ಮಾಡಿದ ಹಾಡಂತೆ. ವಾದ್ಯ ಪೂರ್ತಿ ಕಲಿಯುವ ಮೊದಲೇ ಬಾರಿಸುತ್ತಾರಂತೆ. ಹರಿದದ್ದನ್ನು ಮುಚ್ಚುವುದಿಲ್ಲ, ತೋರಿಸುತ್ತಾರಂತೆ. ಚೆಂದ ಕಾಣಬೇಕೆಂಬುದೇ ಇಲ್ಲವಂತೆ.

"ಮತ್ತ ಏನ ಬೇಕಂತ ಅವರಿಗೆ?"

"ಸಿಟ್ಟ ಬಂದದ ಅಂತ ಹೇಳೋದು ಬೇಕು."

"ಯಾರ ಮ್ಯಾಲ?"

"ಎಲ್ಲಾರ ಮ್ಯಾಲ."

"ನನ್ನ ಮ್ಯಾಲೂ?"

"ನೀ ಎಲ್ಲಾರೊಳಗ ಬರಂಗಿಲ್ಲೇನು?"

ಹಾಡನ್ನು ಅವರೇ ಕಟ್ಟಿದ್ದರು. ಹಲಗೆಯ ಬಡಿತಕ್ಕೆ ಒಂದು ಗಿಟಾರು ಸೇರಿಸಿ ಕಿರುಚುವ ಹಾಡು:

ಕೂಡು ಅಂದ್ರ ಕೂಡಂಗಿಲ್ಲ,
ನಗು ಅಂದ್ರ ನಗಂಗಿಲ್ಲ,
ನಿನ್ನ ಮುಂದ ಕೈಕಟ್ಟಿ
ನಾ ನಿಲ್ಲಂಗಿಲ್ಲ, ನಿಲ್ಲಂಗಿಲ್ಲ!

ಹಾಡು ನನಗೆ ಸೇರಲಿಲ್ಲ. ಸುಳ್ಳು ಯಾಕೆ ಬರೆಯಲಿ, ಭಯವಾಯಿತು. ಈ ಓಣಿಯಲ್ಲಿ ಇಪ್ಪತ್ತು ವರ್ಷದಿಂದ ನಾನು ಅಂಗನವಾಡಿಯ ಬಾಯಿ, ಎಂದರೆ ಟೀಚರಮ್ಮ. ಜನ ನನ್ನ ಮುಂದೆ ಮಕ್ಕಳನ್ನು ಹೊಡೆಯುವುದಿಲ್ಲ, ನಾಲಿಗೆ ಸಡಿಲ ಬಿಡುವುದಿಲ್ಲ. ಅಂಥವಳ ಮಗಳು ಅರ್ಧ ತಲೆ ಬೋಳಿಸಿಕೊಂಡು ಕಿರುಚುವುದನ್ನು ಇದೇ ಜನ ಮೊಬೈಲಿನಲ್ಲಿ ನೋಡುತ್ತಾರೆ ಎನ್ನುವುದೇ ನನ್ನ ಭಯ.

ಕಾಲೇಜಿನಲ್ಲಿ ಅವಳ ಸರ್‌ಗೂ ಅದು ಸೇರಿರಲಿಲ್ಲ. ಅವರು ಬೇಡ ಎನ್ನದೆ, ಬೇಡವಾಗುವಂಥ ಒಂದು ದಾರಿ ಹಾಕಿಕೊಟ್ಟಿದ್ದರು. ಮೊದಲು ಈ ಹಾಡಿನವರ ಗುರುತು ಏನು, ನಮ್ಮ ಕಡೆ ಇದನ್ನು ನೋಡುವವರು ಯಾರು ಎಂದು ಫೈಲು ಮಾಡಬೇಕು. ಮೂವತ್ತು ಜನರನ್ನು ಕೇಳಿ ಫಾರಂ ತುಂಬಬೇಕು. ಶನಿವಾರದೊಳಗೆ ಆಗದಿದ್ದರೆ, ಸರ್ ತಾವೇ ಬರೆದ ಊರಿನ ಸ್ವಚ್ಛತೆಯ ಹಾಡಿಗೆ ಇವರು ವಿಡಿಯೋ ಮಾಡಬೇಕು. ಆ ಹಾಡಿನಲ್ಲಿ ಕಸದ ಗಾಡಿಯನ್ನು ತಾಯಿ ಎಂದು ಕರೆದಿದ್ದಾರಂತೆ.

ಮಗಳು ಹುಮನಾಬಾದ್ ಬಸ್ ನಿಲ್ದಾಣದಲ್ಲಿ ಎರಡು ದಿನ ಫಾರಂ ಹಿಡಿದು ನಿಂತಳು. ಒಂಬತ್ತು ತುಂಬಿದವು. ಉಳಿದವರು ನಕ್ಕರು. ಒಬ್ಬ ಮುದುಕ, "ಮೊದಲ ಪೂರಾ ಬೋಳಿಸ್ಕೊಂಡ ಬಾ, ಅರ್ಧಾ ಕೆಲಸದವರಿಗೆ ನಾ ಉತ್ತರ ಕೊಡಂಗಿಲ್ಲ" ಎಂದನಂತೆ. ಇನ್ನೊಬ್ಬ ಫಾರಂ ತೆಗೆದುಕೊಂಡು ಭಜ್ಜಿಯ ಎಣ್ಣೆ ಒರೆಸಿಕೊಂಡನಂತೆ. ಬುಧವಾರ ಸಂಜೆ ಉಳಿದ ಇಪ್ಪತ್ತೊಂದನ್ನು ನನ್ನ ಮುಂದೆ ಒಗೆದಳು.

"ನೀ ಹ್ಯಾಂಗೂ ಮನಿ ಮನಿ ತಿರಗ್ತಿ. ಕೇಳಕೊಂಡ ಬಾ. ಆಗಂಗಿಲ್ಲಂದ್ರ ಈಗೇ ಹೇಳು."

"ಆಗ್ತದ ಬಿಡವ್ವ" ಎಂದೆ.

ಆರು ಪ್ರಶ್ನೆ ಇದ್ದವು. ನಿಮಗೆ ಸಿಟ್ಟು ಬರುತ್ತದೆಯೇ? ಯಾರ ಮೇಲೆ? ಬಂದಾಗ ಏನು ಮಾಡುತ್ತೀರಿ? ಜೋರಾಗಿ ಹಾಡು ಹಚ್ಚುತ್ತೀರಾ? ನೀವು ಇಂಥವರು ಎಂದು ತೋರಿಸಲು ಏನು ಉಡುತ್ತೀರಿ, ಏನು ತೊಡುತ್ತೀರಿ? ಸಿಟ್ಟಿನ ಹಾಡಿನ ವಿಡಿಯೋ ಬಂದರೆ ನೋಡುತ್ತೀರಾ?

ಗುರುವಾರ ಮೊದಲು ಹೋದದ್ದು ಆಡು ಸಾಕುವ ಅಕ್ಕನ ಮನೆಗೆ. ನಮ್ಮ ಮನೆಗೆ ಗೋಡೆಗೆ ಗೋಡೆ. ನನಗಿಂತ ಆರೇಳು ವರ್ಷ ದೊಡ್ಡವಳು. ಅವಳ ಬಾಯಿಗೆ ಹೆದರಿ ಓಣಿಯ ಗಂಡಸರು ಬೇರೆ ದಾರಿ ಹಿಡಿಯುತ್ತಾರೆ. ನಾನು ಹೊಸ್ತಿಲಲ್ಲಿ ನಿಂತು, ಪೆನ್ನು ತೆಗೆದು, ಮೊದಲ ಪ್ರಶ್ನೆ ಓದಿದೆ.

ಅವಳು ನನ್ನ ಸೀರೆ ನೋಡಿದಳು, ಪೆನ್ನು ನೋಡಿದಳು. ಸೆರಗು ಹೊದ್ದುಕೊಂಡು, "ಸಿಟ್ಟೇನ್ರಿ ಬಾಯಾರ? ನಮ್ಮನ್ಯಾಗ ಯಾರಿಗೂ ಸಿಟ್ಟಿಲ್ರಿ" ಎಂದಳು.

"ಹಾಡು?"

"ಹಾಡ ಎಲ್ಲಿಂದ ಬರಬೇಕ್ರಿ. ಟಿವಿ ಸೈತ ಕೆಟ್ಟ ನಿಂತದ."

ಅವಳ ಹಿಂದೆ ಕಪಾಟಿನ ಮೇಲೆ ಮಣ ಭಾರದ ಸೌಂಡ್ ಬಾಕ್ಸು. ಮಾತಾಡುತ್ತಲೇ ಅದರ ಮೇಲೆ ಒಂದು ಟವೆಲ್ ಎಳೆದು ಹೊದಿಸಿದಳು. ನಾನು ಅದನ್ನು ನೋಡಿದೆ. ಫಾರಂನಲ್ಲಿ "ಇಲ್ಲ" ಎಂದು ಬರೆದೆ.

ಇಪ್ಪತ್ತೊಂದು ಮನೆಯಲ್ಲೂ ಹೀಗೇ. ಯಾರಿಗೂ ಸಿಟ್ಟಿಲ್ಲ. ಯಾರೂ ಹಾಡು ಕೇಳುವುದಿಲ್ಲ. ಒಂದು ಮನೆಯಲ್ಲಿ ಅತ್ತೆ ಸೊಸೆ ಹಿಟ್ಟಿನ ಡಬ್ಬಿಗಾಗಿ ಜಗ್ಗಾಡುತ್ತಿದ್ದವರು ನಾನು ಬಂದದ್ದನ್ನು ನೋಡಿ ಕೈಬಿಟ್ಟು, "ನಾವು ಶಾಂತ ಮಂದಿ ಅಂತ ಬರಕೊಳ್ರಿ" ಎಂದರು. ಬರೆದುಕೊಂಡೆ.

ಮಗಳು ದೀಪದ ಕೆಳಗೆ ಕೂತು ಇಪ್ಪತ್ತೊಂದನ್ನೂ ಓದಿದಳು. ನಾನು ಚಹಾಕ್ಕಿಟ್ಟಿದ್ದೆ. ಅವಳು ಎದ್ದು ಒಲೆ ಆರಿಸಿದಳು.

"ಈ ಓಣ್ಯಾಗ ಯಾರಿಗೂ ಸಿಟ್ಟಿಲ್ಲ? ಆಡಿನ ಕಾಕುಗೂ ಸಿಟ್ಟಿಲ್ಲ?"

"ಅವರು ಹೇಳಿದ್ದ ನಾ ಬರದೀನಿ. ಆಕಿ ಸೌಂಡ್ ಬಾಕ್ಸಿಗೆ ಟವೆಲ್ ಹೊಚ್ಚಿ ಹಾಡಿಲ್ಲಂದ್ಲು, ಇಲ್ಲಂತ ಬರದೆ. ನಾ ಎಂದೂ ನನ್ನ ಕಡಿಂದ ಬರಿಯಂಗಿಲ್ಲ."

"ಯಾವ ಸೀರಿ ಉಟಗೊಂಡ ಹೋಗಿದ್ದಿ?"

ಅವಳು ನನ್ನ ಮೈಮೇಲಿದ್ದ ಇಲಾಖೆಯ ಸೀರೆಯ ಸೆರಗು ಹಿಡಿದು ತೋರಿಸಿದಳು.

"ಎಲ್ಲಿ ನಿಂತ ಕೇಳಿದಿ? ಹೊಸ್ತಿಲದಾಗ ನಿಂತಿ ಹೌದಲ್ಲ? ಪೆನ್ನ ಹಿಡದ? ಅವ್ವ, ನಾ ಸಣ್ಣಾಕಿದ್ದಾಗ ನಿನ್ನ ಬಗಲಾಗ ತಿರಗೀನಿ. ಕೂಸಿಗೆ ಹಾಲ ಕುಡಸ್ತಾರೋ ನೀರ ಕುಡಸ್ತಾರೋ ತಿಳಕೋಬೇಕಂದ್ರ ನೀ ಹಳೇ ಸೀರಿ ಉಟಗೊಂಡ ಹೋಗ್ತಿದ್ದಿ. ಕುಂತು ತೊಗರಿ ಹಸನ ಮಾಡತಾ ಕೇಳ್ತಿದ್ದಿ. ಮನಿಗಿ ಬಂದ ಬರೀತಿದ್ದಿ. ಹೊಸ್ತಿಲದಾಗ ನಿಂತರ ಯಾರೂ ಖರೇ ಹೇಳಂಗಿಲ್ಲಂತ ನನಗ ಕಲಿಸಿದಾಕಿ ನೀನೇ. ನೀ ಬೇಕಂತ ಮಾಡಿದಿ."

"ಏನ ಮಾತಾಡ್ತಿ..."

"ಬೇಕಂತ ಮಾಡಿದಿ. ಸರ್ ಮುಂದಿಂದ ಹೊಡದ್ರು. ನೀ ಹಿಂದಿಂದ."

ಅವತ್ತು ಅವಳು ಉಣ್ಣಲಿಲ್ಲ. ನನಗೆ ಬಂದ ಸಿಟ್ಟಿನಲ್ಲಿ ನಾನೂ ಉಣ್ಣು ಎನ್ನಲಿಲ್ಲ. ಹೊತ್ತ ಹೊತ್ತಿಗೆ ಬೇಯಿಸಿ ಹಾಕಿ, ಬಸ್ಸಿನ ಪಾಸು ಮಾಡಿಸಿ, ಅವಳು ಬೋಳಿಸಿದ ತಲೆಯ ಕೂದಲನ್ನೂ ನಾನೇ ಬಳಿದು ಹಾಕಿ, ಕೊನೆಗೆ ನಾನೇ ಕಳ್ಳಿ. ಹೀಗೆಲ್ಲ ಮನಸ್ಸಿನಲ್ಲೇ ಅವಳೊಡನೆ ಜಗಳವಾಡಿದೆ. ಆಡುತ್ತಾ ಆಡುತ್ತಾ ಒಂದು ಕಡೆ ಮಾತು ಕಟ್ಟಿತು. ಇಲಾಖೆಯ ಸೀರೆಯನ್ನು ನಾನು ಉಡುವುದು ಮೀಟಿಂಗಿಗೆ ಮತ್ತು ಸರ್ಕಾರದ ಸರ್ವೇಗೆ. ಗುರುವಾರ ಮೀಟಿಂಗೂ ಇರಲಿಲ್ಲ, ಸರ್ವೇಯೂ ಇರಲಿಲ್ಲ. ಬೆಳಿಗ್ಗೆ ಟ್ರಂಕಿನ ಚಿಲಕ ತೆಗೆಯುವಾಗ ನಾನು ಏನು ಮಾಡುತ್ತಿದ್ದೇನೆಂದು ನನಗೆ ಗೊತ್ತಿತ್ತು. ಒಂದೊಂದು ಮನೆಯಲ್ಲಿ "ಇಲ್ಲ" ಎಂದು ಬರೆದಾಗಲೂ ಕಸದ ಗಾಡಿಯ ಹಾಡು ಹತ್ತಿರ ಬರುತ್ತಿತ್ತು, ನನಗೆ ನಿರಾಳವಾಗುತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆಡಿನ ಅಕ್ಕ ಬಾಗಿಲಿಗೇ ಬಂದಳು. ರಾತ್ರಿಯೊಳಗೆ ಓಣಿಯಲ್ಲಿ ಸುದ್ದಿ ಹಬ್ಬಿತ್ತು: ಮನೆಯಲ್ಲಿ ಏನೇನಿದೆ ಎಂದು ಬರೆದುಕೊಂಡು ಹೋಗಿ ರೇಷನ್ ಕಾರ್ಡು ತೆಗೆಸುತ್ತಾರೆ.

"ಏ ಬಾಯಿ, ಹೊರಗ ಬಾ. ನಮ್ಮ ಹೆಸರ ಯಾರಿಗಿ ಕೊಟ್ಟಿ?"

"ಹೆಸರೇ ಬರಕೊಂಡಿಲ್ಲ ಅಕ್ಕಾ. ಇದು ಹುಡುಗಿ ಕಾಲೇಜಿನ..."

"ಕಾಲೇಜಿನವರಿಗಿ ನನ್ನ ಸಿಟ್ಟ ತಗೊಂಡ ಏನ ಮಾಡೋದದ? ಉಪ್ಪಿನಕಾಯಿ ಹಾಕ್ತಾರೇನು? ನಿನ್ನ ಉಪ್ಪ ಉಂಡೀವಿ ಅಂತ ಬಾಯಿ ಮುಚ್ಚಿ ಕುಂತಿದ್ದೆವು. ನೀ ನಮ್ಮ ಅನ್ನಕ್ಕೇ ಕೈ ಹಾಕ್ತಿ?"

ಮಗಳು ಕಾಲೇಜಿಗೆ ಹೊರಟವಳು ಕೋಟು ಹಾಕಿಕೊಂಡು ಹೊರಗೆ ಬಂದಳು. ಅಕ್ಕನ ಸಿಟ್ಟಿಗೆ ಹೊಸ ಗುರಿ ಸಿಕ್ಕಿತು.

"ನೋಡ್ರಿ, ಬಂತು ಸವಾರಿ! ನಾವು ಬಳಿಗಿ ಎರಡ ಪಿನ್ನ ಸಿಗಸ್ತೀವಿ, ಸೆರಗ ಹರದ್ರ ಬೇಕಂತ. ಈ ಪೋರಿ ಪಿನ್ನಿಗಂತೇ ಕೋಟ ಹರಕೊಂಡದ."

"ಹೌದ್ರಿ ಕಾಕು. ನಿಮ್ಮ ಟವೆಲ್ ಹ್ಯಾಂಗದ? ಸೌಂಡ್ ಬಾಕ್ಸಿಗೆ ಥಂಡಿ ಬಿಟ್ಟಿತೇನು?"

ಅಕ್ಕ ಕಾಲಲ್ಲಿನ ಚಪ್ಪಲಿಗೆ ಕೈ ಹಾಕಿದಳು. ಮಗಳು ಬಸ್ಸಿಗೆ ಓಡಿದಳು.

ಆ ಸಂಜೆ ಮೊಣಕೈ ಹತ್ತಿರ ಸವೆದ ಕುಪ್ಪಸ, ಹಳೇ ಸೀರೆ ಉಟ್ಟು, ಒಂದು ಮೊರ ಹಿಡಿದು ಅಕ್ಕನ ಅಂಗಳಕ್ಕೆ ಹೋದೆ. ಪೆನ್ನು ಒಯ್ಯಲಿಲ್ಲ. ಅವಳು ತೊಗರಿ ಹರವಿಕೊಂಡು ಕೂತಿದ್ದಳು. ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನಾನು ಒಂದು ಬೊಗಸೆ ತೊಗರಿ ಮೊರಕ್ಕೆ ಹಾಕಿಕೊಂಡು ಕಲ್ಲು ಆರಿಸತೊಡಗಿದೆ. ಎರಡನೇ ಬೊಗಸೆಗೆ ಅವಳು ಬಾಯಿ ಬಿಟ್ಟಳು, ಬೈಯಲಿಕ್ಕೆ. ನನ್ನನ್ನು, ನನ್ನ ತವರೂರು ಕೊಹಿನೂರನ್ನು, ನನ್ನ ಮಗಳ ತಲೆಯನ್ನು. ನಾನು ಕಲ್ಲು ಆರಿಸುತ್ತಲೇ ಇದ್ದೆ. ನನ್ನ ಸರದಿ ಮುಗಿದ ಮೇಲೆ ಬೇರೆಯವರ ಸರದಿ ಬಂತು.

ಊರ ಹೊರಗೆ ಅವಳು ಆಡು ಮೇಯಿಸುವ ಬಯಲಿಗೆ ಯಾರೋ ಪ್ಲಾಟು ಹಾಕಿ ಕಲ್ಲು ನೆಟ್ಟಿದ್ದಾರೆ. ಅಲ್ಲಿಯ ಕಾವಲುಗಾರ ಗಬ್ಬದ ಆಡಿಗೆ ಕಲ್ಲು ಒಗೆದ. ಅದು ಸತ್ತ ಮರಿ ಹಾಕಿತು. ಹೆತ್ತ ಮಗ, ಹೆಂಡತಿಯ ತವರಿನ ಕಾರ್ಯಕ್ಕೆ, "ಅವ್ವ, ನೀ ಬರಬ್ಯಾಡ, ನಿನ್ನ ಮೈ ಆಡಿನ ವಾಸನಿ ಹೊಡಿತದ" ಎಂದ.

"ಹಂಗಂದನೇನು?"

"ಅಂದ. ಅವನ ಫೀ ಕಟ್ಟೋವಾಗ ವಾಸನಿ ಇದ್ದಿಲ್ಲ."

"ಸಿಟ್ಟ ಬಂದ್ರ ಏನ ಮಾಡ್ತಿ ಅಕ್ಕಾ?"

ಅವಳು ಮೊರ ಕೆಳಗಿಟ್ಟಳು. "ಬಾಕ್ಸ್ ಜೋರ ಹಚ್ಚಿ ಕೊಟ್ಟಿಗಿ ಬಳೀತೀನಿ. ಹಾಡ ಯಾವದಿದ್ರೇನು. ಅದರೊಳಗ ನಾ ಬೈತೀನಿ. ಒಬ್ಬೊಬ್ಬರ ಹೆಸರ ಹಿಡದ ಬೈತೀನಿ. ಗುಡುಗುಡು ಅನ್ನೋದು ಜೋರಿತ್ತಂದ್ರ ಯಾರಿಗೂ ಕೇಳಂಗಿಲ್ಲ ನೋಡು."

ಮೂರು ವರ್ಷದಿಂದ ಆ ಸದ್ದಿಗೆ ನಾನು ಗೋಡೆ ಬಡಿದು ತಕರಾರು ಮಾಡಿದ್ದೇನೆ. ಅದರೊಳಗೆ ಒಬ್ಬ ಹೆಂಗಸು ಬೈಯುತ್ತಿದ್ದಾಳೆ ಎಂದು ಗೊತ್ತಿರಲಿಲ್ಲ.

ಆಗ ನಾನು ಎಲ್ಲವನ್ನೂ ಹೇಳಿದೆ. ಫಾರಂ ಯಾಕೆ, ಮಗಳ ವಿಡಿಯೋ ಏನು, ಶನಿವಾರದೊಳಗೆ ಆಗದಿದ್ದರೆ ಏನಾಗುತ್ತದೆ, ನಾನು ಯಾಕೆ ಇಲಾಖೆಯ ಸೀರೆ ಉಟ್ಟು ಬಂದಿದ್ದೆ ಎಂಬುದನ್ನೂ.

"ಭಾರೀ ಇದ್ದಿ ಬಾಯಿ. ಹೆತ್ತ ಮಗಳ ಕಾಲಾಗ ಕಾಲ ಕೊಟ್ಟಿ."

"ಹೌದು."

"ನನ್ನ ಮಗ ನಿನ್ನ ಹೊಟ್ಟ್ಯಾಗ ಹುಟ್ಟಬೇಕಿತ್ತು."

"ಈಗ ಹೇಳಿದ್ದ ಬರಕೊಳ್ಳಲೇನು? ಬ್ಯಾಡಂದ್ರ ಬಿಡ್ತೀನಿ."

"ಬರಿ. ಹೆಸರ ಹಾಕಬ್ಯಾಡ. ಬೈದದ್ದ ಪೂರಾ ಬರಿ. ಒಂದ ಮಾತ ಬಿಟ್ಟಿ ಅಂದ್ರ ನಿನ್ನ ಅಂಗನವಾಡ್ಯಾಗ ಆಡ ಬಿಡ್ತೀನಿ."

ಅವಳೇ ಇನ್ನೂ ಐದಾರು ಹೆಂಗಸರನ್ನು ಅಂಗಳಕ್ಕೆ ಕರೆದಳು. ಉಳಿದ ಕಡೆ ನಾನೇ ಹೋಗಿ ಒಳಗೆ ಕೂತೆ. ಒಂದು ಮನೆಯವರು ಮುಖದ ಮೇಲೆ ಬಾಗಿಲು ಹಾಕಿದರು. ಇನ್ನೊಬ್ಬಳು ಎಲ್ಲವನ್ನೂ ಹೇಳಿ, ಅತ್ತು, ಬರೆಯಬೇಡ ಎಂದಳು. ಅದನ್ನು ಬರೆಯಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ. ಕೊನೆಗೆ ಹನ್ನೆರಡು ಸಿಕ್ಕವು. ಅಕ್ಕನ ಉತ್ತರ ಫಾರಂನಲ್ಲಿ ಹಿಡಿಯದೆ ಹಿಂದಿನ ಪುಟಕ್ಕೂ ಹೋಯಿತು.

ಆ ರಾತ್ರಿ ಮಗಳು ಹನ್ನೆರಡನ್ನೂ ಓದಿ ಮುಗಿಸಿದಳು.

"ನೀ ಹೇಳಿದ್ದು ಖರೇ" ಎಂದೆ. "ಬೇಕಂತೇ ಮಾಡಿದ್ದೆ. ಮಂದಿ ನಿನ್ನ ನೋಡೋದು ನನಗ ಬ್ಯಾಡಿತ್ತು."

"ಗೊತ್ತದ."

"ಹಳೇ ಫಾರಂ ಹರದ ಒಗೀಲೇನು?"

"ಬ್ಯಾಡ. ಎರಡೂ ಇಡ್ತೀನಿ. ಅದೇ ಹೆಂಗಸು, ಅದೇ ಪ್ರಶ್ನೆ. ಒಂದು ಹೊಸ್ತಿಲದಾಗ, ಒಂದು ಅಂಗಳದಾಗ. ಇದೇ ನನ್ನ ಸಂಶೋಧನೆ." ಪೆನ್ನು ತೆಗೆದು, "ನೀ ಮಾಡಿದ್ದೂ ಬರೀತೀನಿ" ಎಂದಳು.

ಇಪ್ಪತ್ತು ವರ್ಷ ನಾನು ಬರೆದ ಪುಸ್ತಕವನ್ನು ಯಾವ ಸೂಪರ್‌ವೈಸರೂ ಅನುಮಾನಿಸಿಲ್ಲ. "ಅದೊಂದು ಬಿಡು ನನ್ನವ್ವ. ಹುಮನಾಬಾದದಾಗ ನನ್ನ ಗುರ್ತಿನವರದಾರ. ನೌಕರಿ ಪ್ರಶ್ನಿ ಅದ."

"ಅದು ಬಿಟ್ರ ಇದು ಸುಳ್ಳಾಗ್ತದ. ಹರದದ್ದ ಮುಚ್ಚಂಗಿಲ್ಲಂತ ಹೇಳಿದ್ದೆ. ಸಹಿ ಮಾಡ್ತಿಯೋ ಇಲ್ಲೋ?"

ಎರಡು ವಾಕ್ಯ ಬರೆದಿದ್ದಳು: ಮೊದಲ ಸುತ್ತಿನಲ್ಲಿ ಫಾರಂ ತುಂಬಿಸಿದವರಿಗೆ ಈ ವಿಡಿಯೋ ಬೇಕಿರಲಿಲ್ಲ, ಆದ್ದರಿಂದ ಸರ್ಕಾರಿ ಸಮೀಕ್ಷೆಯಂತೆ ಕೇಳಿದರು. ಎರಡನೇ ಸುತ್ತಿನಲ್ಲಿ ಹೇಳಿದವರ ಒಪ್ಪಿಗೆ ಪಡೆದು ಬರೆದರು. ತಾಯಿ ಎಂದು ಬರೆದಿರಲಿಲ್ಲ. ಕೆಳಗೆ ಸಹಿಗೆ ಜಾಗ ಬಿಟ್ಟಿದ್ದಳು. ಮಾಡಿದೆ.

ಶನಿವಾರ ರಜೆ ಹಾಕಿ ಅವಳ ಜೊತೆ ಹುಮನಾಬಾದಿಗೆ ಹೋದೆ. ಬಾ ಎಂದು ಅವಳು ಕರೆಯಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲೂ ಇಲ್ಲ, ಮುಂದಿನ ಸೀಟಿನಲ್ಲಿ ಕೂತಳು. ಸರ್ ಕೋಣೆಯಲ್ಲಿ ಫೈಲು ಮಗುಚುತ್ತಾ ಎಣಿಸಿದರು.

"ಮೂವತ್ತ ಅಂದಿದ್ದೆ. ಒಂಬತ್ತು, ಹನ್ನೆರಡು."

"ಇಪ್ಪತ್ತೊಂದು ಮತ್ತ ಒಂಬತ್ತು ಮೂವತ್ತಾತ್ರಿ. ಹನ್ನೆರಡು ಮಂದಿಗೆ ಎರಡ ಸಲ ಕೇಳೀವಿ."

"ಐವತ್ತು ವರ್ಷದ ಹೆಂಗಸರು ಪಂಕ್ ರಾಕ್ ನೋಡ್ತಾರೇನು?"

"ಕೊನೀ ಪ್ರಶ್ನಿ ಓದ್ರಿ ಸರ್. ಹನ್ನೆರಡರಾಗ ಎಂಟ ಮಂದಿ ನೋಡ್ತೀವಿ ಅಂದಾರ. ಒಬ್ಬಾಕಿ, ನನಗ ಹಾಡಾಕ ಕೊಡ್ತೀರೇನು ಅಂತ ಕೇಳ್ಯಾಳ."

ಸರ್ ಸಹಿ ಇದ್ದ ಪುಟಕ್ಕೆ ಬಂದರು. ಓದಿದರು. ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ನೀವೇ ಏನ್ರಿ ಇವರು? ಸರ್ಕಾರದ ಕೆಲಸಾನೂ ಹಿಂಗೇ ಮಾಡ್ತೀರೇನು?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮಗಳು ಮೇಜಿಗೆ ಕೈಯೂರಿ ಮುಂದೆ ಬಾಗಿದಳು.

"ಅದು ನಾ ಕೇಳ್ತೀನ್ರಿ ಅವರಿಗೆ. ನೀವು ಕೇಳಬ್ಯಾಡ್ರಿ. ನಿಮಗ ತೋರಿಸ್ಬೇಕಂತ ಅವರು ಬರದ ಕೊಟ್ಟಾರ. ನಾವು ಮೂವತ್ತ ಮಂದಿ ತರೋದು ನಿಮಗ ಬ್ಯಾಡಿತ್ತು ಅಂತ ನೀವು ಬರದ ಕೊಡ್ತೀರೇನು?"

ಸರ್ ಮುಖ ಕೆಂಪಾಯಿತು. ಫೈಲು ಮುಚ್ಚಿ, ಮತ್ತೆ ತೆರೆದು, ಪೆನ್ನು ಕಾಗದಕ್ಕೆ ನಾಟುವಂತೆ ಒತ್ತಿ ಬರೆದರು: ಅನುಮತಿಸಿದೆ. ಕಾಲೇಜಿನ ಕ್ಯಾಮೆರಾ ಕೊಡುವುದಿಲ್ಲ. ಕಾಲೇಜಿನ ಹೆಸರು ಹಾಕಬಾರದು.

ಮೆಟ್ಟಿಲು ಇಳಿಯುವಾಗ, "ಮೊಬೈಲದಾಗ ತೆಗೀತೀವಿ" ಎಂದಳು, ನನಗಲ್ಲ, ತನಗೇ. ಆಮೇಲೆ ನನ್ನ ಕಡೆ ತಿರುಗಿ, "ನಿನ್ನ ಮ್ಯಾಲಿನ ಸಿಟ್ಟ ಇಳದಿಲ್ಲ" ಎಂದಳು.

"ಇರಲಿ."

"ಕಾಕು ಕೊಟ್ಟಿಗ್ಯಾಗ ಶೂಟಿಂಗ್ ಮಾಡಬೇಕು. ನೀ ಕೇಳಬೇಕು."

"ನೀನೇ ಕೇಳು. ಚಪ್ಪಲಿ ತಗೊಂಡಿದ್ದು ನಿನ್ನ ಸಲುವಾಗಿ."

ಸಂಜೆ ಅವಳೇ ಹೋಗಿ ಕೇಳಿದಳು. ಅಕ್ಕ ಹತ್ತು ನಿಮಿಷ ಬೈದದ್ದು ಗೋಡೆಯಾಚೆಯಿಂದ ನಮಗೆ ಸ್ಪಷ್ಟ ಕೇಳಿಸಿತು. ಅವತ್ತು ಬಾಕ್ಸು ಹಚ್ಚಿರಲಿಲ್ಲ. ಕೊನೆಗೆ ಒಪ್ಪಿದಳು, ಒಂದು ಕರಾರಿನ ಮೇಲೆ: ಶೂಟಿಂಗಿಗೆ ಮುಂಚೆ ಹುಡುಗಿಯೇ ಕೊಟ್ಟಿಗೆ ಬಳಿಯಬೇಕು. ಮಗಳು ಹಿಕ್ಕೆಯ ಬುಟ್ಟಿಯ ಅಳತೆ ನೋಡಿಕೊಂಡು ಬಂದಳು. ನನ್ನ ಗಂಡ ಕೋಟಿನ ಹರಿದ ತೋಳನ್ನು ಹಿಡಿದು ನೋಡಿ, "ಇದನ ಬಿಚ್ಚಿಟ್ಟ ಕೊಟ್ಟಿಗಿ ಬಳಿ" ಎಂದ. ಆ ಭಾನುವಾರದ ನಂತರ ಅವನು ಅವಳೊಂದಿಗೆ ಆಡಿದ ಮೊದಲ ಮಾತು.

ರಾತ್ರಿಗೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗಂಡನಿಗೆ ಮಾತ್ರ ಸ್ವಲ್ಪ ಮೊಸರು. ನಾನು ಬಡಿಸಲು ಹೋದಾಗ ಮಗಳು ತಟ್ಟೆ ಹಿಂದೆಳೆದುಕೊಂಡು ತಾನೇ ಹಾಕಿಕೊಂಡಳು. ಮೂರು ರೊಟ್ಟಿ ಉಂಡಳು. ಮೊದಲು ಮಲಗಿದ್ದು ಗಂಡ, ಆಮೇಲೆ ಅವಳು, ಗೋಡೆಗೆ ಮುಖ ಮಾಡಿಕೊಂಡು. ನಾನು ಹಿಟ್ಟಿನ ಪರಾತ ತೊಳೆದಿಟ್ಟು ಕೊನೆಗೆ ಮಲಗಿದೆ.